‘ಬ್ಲ್ಯಾಕ್‌ಕರೆಂಟ್ ನನಗೆ ಸಿಗ್ತಾ ಇಲ್ಲ’: ಸಾಗರದ ಓದುಗರ ವೈನ್ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಸಾಗರದವನು. ವಯಸ್ಸು ನಲವತ್ತೆರಡು. ಎರಡು ವರ್ಷದಿಂದ ತಿಂಗಳಿಗೆ ಒಂದೋ ಎರಡೋ ಬಾಟಲಿ ವೈನ್ ತರುತ್ತೇನೆ. ನಾನು, ನನ್ನ ಹೆಂಡತಿ ಇಬ್ಬರೂ ಕುಡಿಯುತ್ತೇವೆ. ಬಾಟಲಿ ಹಿಂದೆ ಬ್ಲ್ಯಾಕ್‌ಕರೆಂಟ್, ಗೂಸ್‌ಬೆರಿ, ಪೆಪ್ಪರ್ ಅಂತೆಲ್ಲ ಬರೆದಿರುತ್ತದೆ. ನನಗೆ ಒಂದೂ ಸಿಗುವುದಿಲ್ಲ. ಬರೀ ಹುಳಿ, ಒಗರು. ನನ್ನ ನಾಲಿಗೆಯೇ ಸರಿ ಇಲ್ವಾ? ಅಂಗಡಿಯಲ್ಲಿ ಕಣ್ಣುಮುಚ್ಚಿ ಆರಿಸಿದ ಹಾಗಾಗುತ್ತದೆ. ಹೋದ ಭಾನುವಾರ ಕಡುಬು, ಕೋಳಿ ಸಾರಿನ ಜೊತೆ ಒಳ್ಳೆ ರೆಡ್ ವೈನ್ ತೆಗೆದೆ. ಬಾಯಿಗೆ ಬೆಂಕಿ ಬಿದ್ದ ಹಾಗಾಯಿತು. ಬಾಟಲಿ ಎಲ್ಲಿಡಬೇಕು, ಉಳಿದದ್ದನ್ನು ಏನು ಮಾಡಬೇಕು, ಹೃದಯಕ್ಕೆ ಒಳ್ಳೆಯದು ಅನ್ನುವುದು ನಿಜವೇ ಅನ್ನುವುದನ್ನೂ ತಿಳಿಸಿ.

ಉತ್ತರ: ನಿಮ್ಮ ನಾಲಿಗೆ ಸರಿಯಾಗಿಯೇ ಇದೆ. ಹುಳಿ, ಒಗರು ಎರಡನ್ನೂ ಬೇರೆಬೇರೆಯಾಗಿ ಗುರುತಿಸಿದ್ದೀರಿ. ಬೆಂಗಳೂರಿನಲ್ಲಿ ನಾನು ವೈನ್ ರುಚಿ ನೋಡುವುದನ್ನು ಹೇಳಿಕೊಡುತ್ತಿದ್ದಾಗ ಮೊದಲ ದಿನ ಇಷ್ಟು ಹೇಳಿದವರು ಕಡಿಮೆ.

ಬ್ಲ್ಯಾಕ್‌ಕರೆಂಟ್ ವಿಷಯಕ್ಕೆ ಬರೋಣ. ನೀವು ಆ ಹಣ್ಣು ತಿಂದಿದ್ದೀರಾ? ನಾನೂ ತಿಂದಿರಲಿಲ್ಲ. ನಮ್ಮ ಕಡೆ ಬ್ಲ್ಯಾಕ್‌ಕರೆಂಟ್ ಅಂದರೆ ಐಸ್‌ಕ್ರೀಂ, ಅಷ್ಟೇ. ಓದು ಮುಗಿಸಿ ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಹೋಗಿ ಹೋಟೆಲ್ ಕೆಲಸಕ್ಕೆ ಸೇರಿದ ಹೊಸತು. ಒಂದು ದಿನ ಎಂಟು ಜನರನ್ನು ಸಾಲಾಗಿ ಕೂರಿಸಿ ಕ್ಯಾಬರ್ನೆ ಸೊವಿನ್ಯೋನ್ ಅನ್ನುವ ಕೆಂಪು ವೈನ್ ಕೊಟ್ಟು, ಏನು ವಾಸನೆ ಬರುತ್ತದೆ ಹೇಳಿ ಅಂದರು. ನನಗೆ ಬಂದದ್ದು ನೇರಳೆ ಹಣ್ಣಿನ ವಾಸನೆ. ಮರದಡಿ ಬಿದ್ದು ಸ್ವಲ್ಪ ಜಜ್ಜಿಹೋದ ನೇರಳೆ. ನನ್ನ ಪಕ್ಕದವನು ಬ್ಲ್ಯಾಕ್‌ಕರೆಂಟ್ ಅಂದ. ನಾನೂ ಬ್ಲ್ಯಾಕ್‌ಕರೆಂಟ್ ಅಂದೆ. ಶಹಬ್ಬಾಸ್ ಸಿಕ್ಕಿತು. ಆಮೇಲೆ ನಾಲ್ಕೈದು ವರ್ಷ ಆ ಸುಳ್ಳನ್ನೇ ಹೇಳಿಕೊಂಡು ಬಂದೆ.

ಗೂಸ್‌ಬೆರಿಯದು ಇನ್ನೂ ತಮಾಷೆ. ಸೊವಿನ್ಯೋನ್ ಬ್ಲಾಂಕ್ ಅನ್ನುವ ಬಿಳಿ ವೈನಿನ ಬಾಟಲಿಯ ಮೇಲೆ ಗೂಸ್‌ಬೆರಿ ಅಂತ ಓದಿ ನೆಲ್ಲಿಕಾಯಿ ಹುಡುಕುತ್ತಾ ಕೂತವರನ್ನು ನೋಡಿದ್ದೇನೆ. ಅದು ನಮ್ಮ ನೆಲ್ಲಿಕಾಯಿ ಅಲ್ಲವೇ ಅಲ್ಲ. ಯುರೋಪಿನ ಗೂಸ್‌ಬೆರಿ ಬೇರೆ ಗಿಡ, ಆ ಬ್ಲ್ಯಾಕ್‌ಕರೆಂಟ್‌ನ ದಾಯಾದಿ. ಇಂಗ್ಲಿಷಿನವರು ನಮ್ಮ ನೆಲ್ಲಿಗೂ ಅದೇ ಹೆಸರಿಟ್ಟರು, ಗೋಜಲಾಯಿತು. ಆ ಲೇಬಲ್ ಬರೆದವರು ತಮ್ಮ ಹಿತ್ತಲಿನ ಹಣ್ಣು ನೆನೆಸಿಕೊಂಡು ಬರೆದಿದ್ದಾರೆ. ನೀವು ನಿಮ್ಮ ಹಿತ್ತಲನ್ನು ನೆನೆಸಿಕೊಳ್ಳಿ. ಸೊವಿನ್ಯೋನ್ ಬ್ಲಾಂಕ್ ಮೂಸಿದಾಗ ನನಗೆ ಸಾಮಾನ್ಯವಾಗಿ ನೆನಪಾಗುವುದು ಅಪ್ಪೆಮಿಡಿಯ ತೊಟ್ಟು ಮುರಿದಾಗ ಚಿಮ್ಮುವ ಸೊನೆಯ ವಾಸನೆ. ಸಾಗರದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇದು ನನ್ನೊಬ್ಬನ ಹಟ ಅಂದುಕೊಳ್ಳಬೇಡಿ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿದ್ದ ಆನ್ ನೋಬಲ್ 1980ರ ದಶಕದಲ್ಲಿ ವೈನ್ ವಾಸನೆಗಳ ಒಂದು ಚಕ್ರ ಮಾಡಿದರು. ಅದುವರೆಗೆ ‘ಗಂಭೀರ’, ‘ಸೊಗಸು’ ಅನ್ನುವಂಥ ಅರ್ಥವಾಗದ ಮಾತುಗಳೇ ಜಾಸ್ತಿ ಇದ್ದವು. ಅವರು ಅದನ್ನೆಲ್ಲ ಬಿಟ್ಟು ದೊಣ್ಣೆ ಮೆಣಸಿನಕಾಯಿ, ಲವಂಗ, ಜೇನು ಅಂತ ಅಡುಗೆಮನೆಯ ಮಾತುಗಳನ್ನು ಇಟ್ಟರು. ಪ್ರತಿಯೊಂದಕ್ಕೂ ಆ ವಸ್ತುವನ್ನೇ ಒಂದು ಲೋಟ ವೈನ್‌ಗೆ ಸ್ವಲ್ಪ ಹಾಕಿ, ಮೂಸಿಸಿ ಕಲಿಸಿದರು. ಅವರ ಅಡುಗೆಮನೆ ಕ್ಯಾಲಿಫೋರ್ನಿಯಾದ್ದು, ನಮ್ಮದು ಮಲೆನಾಡಿನದು. ವ್ಯತ್ಯಾಸ ಅಷ್ಟೇ.

ಈಗ ನಿಮಗೆ ಸಿಕ್ಕ ಆ ಒಗರು. ಅದನ್ನು ಕೊಡುವ ವಸ್ತುವಿನ ಹೆಸರು ಟ್ಯಾನಿನ್. ಅಡಿಕೆ ಸುಗ್ಗಿ ನೋಡಿದವರಿಗೆ ಟ್ಯಾನಿನ್ ಪಾಠ ಬೇಡ. ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸುವಾಗ ನೀರಿಗೆ ಇಳಿಯುವ ಚೊಗರು ಇದೆಯಲ್ಲ, ಸುಲಿಯುವವರ ಬೆರಳನ್ನು ಕಪ್ಪು ಮಾಡುವುದು, ಬಟ್ಟೆಗೆ ಹತ್ತಿದರೆ ಜನ್ಮಕ್ಕೂ ಹೋಗದ್ದು, ಅದು ಟ್ಯಾನಿನ್ ಜಾತಿಯದೇ. ಕೆಂಪು ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟುಗಳಲ್ಲಿ ಅದರ ಬಂಧು ಇರುತ್ತದೆ. ಕೆಂಪು ವೈನ್ ಮಾಡುವಾಗ ರಸವನ್ನು ಸಿಪ್ಪೆಯ ಜೊತೆಗೇ ಹುದುಗು ಬರಿಸುತ್ತಾರೆ. ಬಣ್ಣವೂ ಇಳಿಯುತ್ತದೆ, ಒಗರೂ ಇಳಿಯುತ್ತದೆ. ಬಿಳಿ ವೈನ್‌ಗೆ ರಸವನ್ನು ಮೊದಲೇ ಹಿಂಡಿ ಸಿಪ್ಪೆ ತೆಗೆದುಬಿಡುತ್ತಾರೆ. ಹಾಗಾಗಿ ಅದರಲ್ಲಿ ಒಗರು ಕಡಿಮೆ. ಬಾಯಿಗೆ ಬಂದ ಟ್ಯಾನಿನ್ ಜೊಲ್ಲಿನಲ್ಲಿರುವ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಜೊಲ್ಲಿನ ಜಾರಿಕೆ ಹೋಗಿ ನಾಲಿಗೆ ಒರಟಾಗುತ್ತದೆ. ಬಲಿಯದ ಬಾಳೆಕಾಯಿ ಕಚ್ಚಿದರೆ ಆಗುವುದೂ ಇದೇ.

ಒಗರು ಇದೆಯೋ ಇಲ್ಲವೋ ಅನ್ನುವುದಕ್ಕಿಂತ ಅದು ಎಂಥ ಒಗರು ಅನ್ನುವುದು ಮುಖ್ಯ. ಮಂಡಿಯಲ್ಲಿ ಅಡಿಕೆ ನೋಡುವವರನ್ನು ಗಮನಿಸಿ. ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು ಅಂತ ಅದರ ದರ್ಜೆಯನ್ನು ಒಂದು ಹಿಡಿಯಲ್ಲೇ ಹೇಳಿಬಿಡುತ್ತಾರೆ. ಎಳೆ ಕಾಯಿಯ ಒಗರಿಗೂ ಬಲಿತ ಕಾಯಿಯ ಒಗರಿಗೂ ಇರುವ ಅಂತರ ಅವರ ಬಾಯಿಗೆ ಗೊತ್ತು. ವೈನಿನಲ್ಲೂ ಹಾಗೆಯೇ. ಒಂದರಲ್ಲಿ ಒಗರು ಮರಳುಕಾಗದದ ಹಾಗೆ ಒಸಡು ಉಜ್ಜುತ್ತದೆ. ಇನ್ನೊಂದರಲ್ಲಿ ಹತ್ತಿ ಬಟ್ಟೆಯ ಹಾಗೆ ಮೆತ್ತಗೆ ಹರಡುತ್ತದೆ. ಎರಡನೆಯದಕ್ಕೆ ನಾನು ಜಾಸ್ತಿ ದುಡ್ಡು ಕೊಡುತ್ತೇನೆ.

ಇಲ್ಲಿ ಒಂದು ಶಬ್ದದ ತೊಡಕು ಬಿಡಿಸಿಬಿಡುತ್ತೇನೆ. ಲೇಬಲ್‌ನಲ್ಲಿ ‘ಡ್ರೈ’ ಅಂತ ಇದ್ದರೆ ಬಾಯಿ ಒಣಗಿಸುತ್ತದೆ ಅಂತ ಅಲ್ಲ. ಸಿಹಿ ಇಲ್ಲ ಅಂತ. ದ್ರಾಕ್ಷಿಯ ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದು ಆಲ್ಕೋಹಾಲ್ ಮಾಡಿದೆ ಅಂತ. ಬಾಯಿ ಒಣಗಿಸುವುದು ಟ್ಯಾನಿನ್. ‘ಡ್ರೈ ವೈಟ್’ ಕುಡಿದರೆ ಬಾಯಿ ಒಣಗುವ ಬದಲು ಎಷ್ಟೋ ಸಲ ನೀರೂರುತ್ತದೆ. ಅದು ಹುಳಿಯ ಕೆಲಸ. ಗುಟುಕು ನುಂಗಿದ ಮೇಲೆ ಬಾಯಿ ಸ್ವಲ್ಪ ತೆರೆದು ತಲೆ ಬಗ್ಗಿಸಿ. ದವಡೆಯ ಪಕ್ಕದಿಂದ ಎಷ್ಟು ನೀರು ಬರುತ್ತದೆ ನೋಡಿ. ಹುಳಿ ಎಷ್ಟಿದೆ ಅಂತ ಅಳೆಯಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ನೀವು ಎಲೆ ಅಡಿಕೆ ಹಾಕುತ್ತೀರಾ? ಬರೆದಿಲ್ಲ, ಆದರೆ ಸಾಗರದವರು ಅಂದಮೇಲೆ ಕೇಳಲೇಬೇಕು. ಕವಳ ಹಾಕಿದ ಬಾಯಿಗೆ ಯಾವ ಕೆಂಪು ವೈನೂ ಕಹಿಯೇ. ಅಡಿಕೆಯ ಒಗರು ಮೊದಲೇ ಕೂತಿರುತ್ತದೆ, ಮೇಲೆ ಸುಣ್ಣ ಬೇರೆ. ವೈನ್ ರುಚಿ ನೋಡುವ ದಿನ ಕನಿಷ್ಠ ಎರಡು ಗಂಟೆ ಮೊದಲು ಕವಳ ನಿಲ್ಲಿಸಿ. ಕಾಫಿಯೂ ಬೇಡ. ನೆಗಡಿ ಇದ್ದರಂತೂ ಬಾಟಲಿ ತೆಗೆಯಲೇಬೇಡಿ. ರುಚಿ ಅಂತ ನಾವು ಹೇಳುವುದರಲ್ಲಿ ಬಹುಪಾಲು ಮೂಗಿನ ಕೆಲಸ. ಮೂಗು ಕಟ್ಟಿದರೆ ಉಳಿಯುವುದು ಹುಳಿ, ಸಿಹಿ, ಕಹಿ, ಒಗರು ಮಾತ್ರ.

ಪೆಪ್ಪರ್ ಅಂತ ಬರೆದದ್ದು ಮಾತ್ರ ಬರೀ ಅಲಂಕಾರ ಅಲ್ಲ. ಶಿರಾಜ್ ಅನ್ನುವ ಕೆಂಪು ವೈನಿನಲ್ಲಿ ಕಾಳುಮೆಣಸಿನ ವಾಸನೆ ಯಾಕೆ ಬರುತ್ತದೆ ಅಂತ ಆಸ್ಟ್ರೇಲಿಯಾದ ವಿಜ್ಞಾನಿಗಳು ಹುಡುಕಿದರು. 2008ರಲ್ಲಿ ರೋಟಂಡೋನ್ ಅನ್ನುವ ಒಂದು ವಸ್ತು ಸಿಕ್ಕಿತು. ಕಾಳುಮೆಣಸಿಗೆ ಅದರ ಘಮ ಕೊಡುವುದೂ ಅದೇ ವಸ್ತು. ಅಂದರೆ ನಿಮ್ಮ ತೋಟದ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯಲ್ಲಿ ಇರುವುದೇ ಆ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ. ಇನ್ನೊಂದು ಸಂಗತಿಯೂ ಆಗ ಗೊತ್ತಾಯಿತು. ಸುಮಾರು ಐದರಲ್ಲಿ ಒಬ್ಬರಿಗೆ ಈ ವಾಸನೆ ಎಷ್ಟು ಹಾಕಿದರೂ ತಿಳಿಯುವುದೇ ಇಲ್ಲ. ನೀವು ಆ ಐದನೆಯವರೂ ಇರಬಹುದು. ನಾಲ್ಕು ಕಾಳು ಜಜ್ಜಿ ಒಂದು ಬಟ್ಟಲಲ್ಲಿಟ್ಟು, ಒಮ್ಮೆ ಅದನ್ನು, ಒಮ್ಮೆ ಲೋಟವನ್ನು ಮೂಸಿ ನೋಡಿ. ಎಲ್ಲ ಶಿರಾಜ್‌ನಲ್ಲೂ ಇದು ಸಿಗುವುದಿಲ್ಲ. ತಂಪು ಜಾಗದ ದ್ರಾಕ್ಷಿಯಲ್ಲಿ ಜಾಸ್ತಿ, ಬಿಸಿಲಿನ ಜಾಗದ್ದರಲ್ಲಿ ಕಡಿಮೆ. ಕ್ಯಾಬರ್ನೆಯಲ್ಲಿ ಹಸಿ ದೊಣ್ಣೆ ಮೆಣಸಿನಕಾಯಿ ಸಿಕ್ಕರೆ ಅದೂ ನಿಜವಾದದ್ದೇ. ದ್ರಾಕ್ಷಿ ಪೂರ್ತಿ ಹಣ್ಣಾಗಿರದಿದ್ದರೆ ಆ ವಾಸನೆ ಮುಂದೆ ಬರುತ್ತದೆ.

ಅಭ್ಯಾಸಕ್ಕೆ ಒಂದು ಉಪಾಯ ಹೇಳುತ್ತೇನೆ. ಒಂದೇ ಬಾಟಲಿ ಕುಡಿದು ಏನೂ ಕಲಿಯಲು ಆಗುವುದಿಲ್ಲ. ಎರಡು ಬೇಕು, ಪಕ್ಕಪಕ್ಕ. ನಿಮ್ಮ ಹಾಗೆ ಆಸಕ್ತಿ ಇರುವ ಇನ್ನೊಂದು ಮನೆಯವರನ್ನು ಕರೆಯಿರಿ. ಅವರೊಂದು ತರಲಿ, ನೀವೊಂದು. 750 ಎಂಎಲ್ ಬಾಟಲಿಯಲ್ಲಿ 150 ಎಂಎಲ್‌ನ ಐದು ಲೋಟ ಬರುತ್ತದೆ. ನಾಲ್ಕು ಜನಕ್ಕೆ ಧಾರಾಳ, ಉಳಿಯುತ್ತದೆ ಕೂಡ. ಕೆಲವು ವೈನ್ 375 ಎಂಎಲ್‌ನಲ್ಲೂ ಸಿಗುತ್ತದೆ. ಎರಡನ್ನೂ ಒಟ್ಟಿಗೆ ಸುರಿದು, ಯಾವುದು ಜಾಸ್ತಿ ಹುಳಿ, ಯಾವುದು ಜಾಸ್ತಿ ಒಗರು, ಯಾವುದು ಗಟ್ಟಿ ಮಜ್ಜಿಗೆಯ ಹಾಗೆ, ಯಾವುದು ನೀರು ಮಜ್ಜಿಗೆಯ ಹಾಗೆ ಅಂತ ಮಾತ್ರ ಕೇಳಿಕೊಳ್ಳಿ. ಹಣ್ಣು, ಹೂವಿನ ಹೆಸರು ಆಮೇಲೆ ತಾನಾಗಿ ಬರುತ್ತದೆ. ಲೋಟ ಗಾಜಿನದೇ ಇರಲಿ, ಬಾಯಿ ಸ್ವಲ್ಪ ಕಿರಿದಾಗಿದ್ದರೆ ವಾಸನೆ ಒಳಗೇ ನಿಲ್ಲುತ್ತದೆ. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತುಂಬಿಸಬೇಡಿ.

ಲೇಬಲ್ ಕಾಣದ ಹಾಗೆ ಪೇಪರ್ ಸುತ್ತಿ. ಕಣ್ಣು ನಾಲಿಗೆಗೆ ಹೇಗೆ ಮೋಸ ಮಾಡುತ್ತದೆ ಅನ್ನುವುದಕ್ಕೆ ಫ್ರಾನ್ಸಿನ ಬೋರ್ಡೋದಲ್ಲಿ ನಡೆದ ಒಂದು ಪ್ರಯೋಗ ಇದೆ. ವೈನ್ ಕಲಿಯುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನ್‌ಗೆ ರುಚಿ, ವಾಸನೆ ಇಲ್ಲದ ಕೆಂಪು ಬಣ್ಣ ಹಾಕಿ ಕೊಟ್ಟರು. ಅವರು ಅದನ್ನು ಹೆಚ್ಚಾಗಿ ಕೆಂಪು ವೈನಿನ ಮಾತುಗಳಲ್ಲೇ ವರ್ಣಿಸಿದರು. ಆ ಸಂಶೋಧನೆ 2001ರಲ್ಲಿ ಪ್ರಕಟವಾಯಿತು. ಅದನ್ನು ಓದಿದ ದಿನ ನನಗೆ ನನ್ನ ಬ್ಲ್ಯಾಕ್‌ಕರೆಂಟ್ ನೆನಪಾಗಿ ಸ್ವಲ್ಪ ಸಮಾಧಾನವಾಯಿತು.

ಬೋರ್ಡೋ ಅಂದ ಕೂಡಲೇ ನಿಮಗೆ ನೆನಪಾಗುವುದು ವೈನ್ ಅಲ್ಲ, ಮಳೆಗಾಲಕ್ಕೆ ಮೊದಲು ಅಡಿಕೆ ಕೊನೆಗೆ ಹೊಡೆಸುವ ಔಷಧಿ ಅಲ್ವಾ? ಎರಡೂ ಒಂದೇ ಊರು. 1880ರ ದಶಕದಲ್ಲಿ ಬೋರ್ಡೋ ಪ್ರದೇಶದ ದ್ರಾಕ್ಷಿಗೆ ಬೂಜುರೋಗ ಬಂದು ತೋಟಗಳು ಹಾಳಾಗುತ್ತಿದ್ದವು. ದಾರಿ ಬದಿಯ ಬಳ್ಳಿಗಳಿಗೆ ಮಾತ್ರ ರೋಗ ಹತ್ತಿರಲಿಲ್ಲ. ಹೋಗುವವರು ಬರುವವರು ಹಣ್ಣು ಕೀಳದಿರಲಿ ಅಂತ ರೈತರು ಆ ಸಾಲುಗಳಿಗೆ ಮೈಲುತುತ್ತು, ಸುಣ್ಣ ಬೆರೆಸಿ ಬಳಿದಿದ್ದರಂತೆ. ಪಿಯೆರ್ ಮಿಯಾರ್ದೆ ಅನ್ನುವ ಸಸ್ಯವಿಜ್ಞಾನಿ ಅದನ್ನು ಗಮನಿಸಿ, ಪರೀಕ್ಷೆ ಮಾಡಿ 1885ರಲ್ಲಿ ಪ್ರಕಟಿಸಿದರು. ಮುಂದೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಮಲೆನಾಡಿನ ಅಡಿಕೆಯ ಕೊಳೆರೋಗದ ಮೇಲೆ ಕೆಲಸ ಮಾಡಿ ಅದೇ ದ್ರಾವಣವನ್ನು ಇಲ್ಲಿಗೆ ತಂದರು. ವೈನ್ ನಮ್ಮೂರಿಗೆ ಬರುವುದಕ್ಕೆ ಎಷ್ಟೋ ಮೊದಲೇ ವೈನ್ ತೋಟದ ಔಷಧಿ ಬಂದಿತ್ತು!

ಅದೇ ಮಳೆಯ ಕಾರಣಕ್ಕೆ ಮಲೆನಾಡಿನಲ್ಲಿ ವೈನ್ ದ್ರಾಕ್ಷಿ ಬೆಳೆಯುವುದು ಕಷ್ಟ. ದ್ರಾಕ್ಷಿಗೆ ಒಣಹವೆ ಬೇಕು. ನಮ್ಮ ರಾಜ್ಯದ ವೈನ್ ಬರುವುದು ನಂದಿ ಬೆಟ್ಟದ ಸುತ್ತ, ವಿಜಯಪುರ, ಬಾಗಲಕೋಟೆ, ಕೊಪ್ಪಳದ ಕಡೆಯಿಂದ. ದೊಡ್ಡಬಳ್ಳಾಪುರದ ಹತ್ತಿರ ಗ್ರೋವರ್ ಕುಟುಂಬ 1988ರಲ್ಲಿ ಶುರು ಮಾಡಿದ್ದು ಈಗ ಗ್ರೋವರ್ ಜಂಪಾ. ಹಂಪಿ ಹಿಲ್ಸ್ ಹೆಸರಿನಲ್ಲಿ ಬರುವುದು ಕ್ರಿಸ್ಮಾ. ಮಹಾರಾಷ್ಟ್ರದಿಂದ ನಾಸಿಕ್‌ನ ಸುಲಾ, ಸೊಲ್ಲಾಪುರ ಜಿಲ್ಲೆಯ ಅಕ್ಲೂಜಿನ ಫ್ರಾಟೆಲ್ಲಿ. ನಮ್ಮ ಬಳ್ಳಿಗಳಿಗೆ ಯುರೋಪಿನ ಹಾಗೆ ಚಳಿಗಾಲದ ನಿದ್ದೆ ಇಲ್ಲ. ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡಿ (ಅಂದರೆ ಬಳ್ಳಿ ಸವರಿ), ಮಳೆ ಮುಗಿದ ಮೇಲೆ ಕಾಯಿ ಬಿಡುವ ಹಾಗೆ ನೋಡಿಕೊಂಡು, ಹೆಚ್ಚಾಗಿ ಜನವರಿಯಿಂದ ಮಾರ್ಚ್ ಒಳಗೆ ಕೊಯ್ಯುತ್ತಾರೆ. ಲೇಬಲ್ ಮೇಲಿನ ವರ್ಷ ಅಂದರೆ ಆ ಕೊಯ್ಲಿನ ವರ್ಷ.

ಇದರಿಂದ ಅಂಗಡಿಯಲ್ಲಿ ಉಪಯೋಗ ಇದೆ. ನಮ್ಮೂರುಗಳಲ್ಲಿ ‘ವೈನ್ಸ್’ ಅಂತ ದೊಡ್ಡ ಬೋರ್ಡು ಇರುತ್ತದೆ, ಒಳಗೆ ಹೋದರೆ ವಿಸ್ಕಿ, ರಮ್, ಬಿಯರ್. ವೈನ್ ಮೂಲೆಯಲ್ಲಿ ನಾಲ್ಕು ಬಾಟಲಿ ನಿಂತಿರುತ್ತದೆ, ಧೂಳು ಹಿಡಿದು. ಅದು ಅಲ್ಲಿಗೆ ಬಂದು ಎಷ್ಟು ದಿನವಾಯಿತು ಅನ್ನುವುದೇ ನಿಮ್ಮ ಮೊದಲ ಪ್ರಶ್ನೆ. ಯಾವ ಕಂಪನಿ ಅನ್ನುವುದು ಎರಡನೆಯದು. ಹಿಂದಿನ ಲೇಬಲ್‌ನ ಸಣ್ಣ ಅಕ್ಷರ ಓದಿ. ಬಿಳಿ ಮತ್ತು ತಿಳಿಗೆಂಪು ಬಣ್ಣದ ರೋಸೆ ಎರಡು ವರ್ಷಕ್ಕಿಂತ ಹಳೆಯದಾಗಿದ್ದರೆ ಬಿಡಿ. ಹಳೆಯದಾದಷ್ಟೂ ಒಳ್ಳೆಯದು ಅನ್ನುವ ಮಾತು ಕೆಲವೇ ಕೆಂಪು ವೈನ್‌ಗಳಿಗೆ ಸರಿ, ಅದೂ ತಂಪಾಗಿ ಇಟ್ಟಿದ್ದರೆ. ಕಿಟಕಿ ಬಿಸಿಲಿಗೆ, ಟ್ಯೂಬ್‌ಲೈಟಿನ ಕೆಳಗೆ ನಿಂತ ಬಾಟಲಿ ಬೇಡ. ಕಾರ್ಕ್ ಮೇಲೆದ್ದಿದೆಯೇ, ಕತ್ತಿನ ಹತ್ತಿರ ಅಂಟಂಟಾಗಿದೆಯೇ ನೋಡಿ. ಸೆಖೆಗೆ ಒಳಗಿನ ವೈನ್ ಉಬ್ಬಿ ಹೊರಗೆ ಬಂದಿದೆ ಅಂತ ಅರ್ಥ. ತಿರುಗಿಸುವ ಮುಚ್ಚಳ ಇದ್ದರೆ ಅಗ್ಗದ್ದು ಅಂದುಕೊಳ್ಳಬೇಡಿ. ಸಣ್ಣ ಊರಿನ ಅಂಗಡಿಯಿಂದ ತರುವಾಗ ನಾನು ಅದನ್ನೇ ಹುಡುಕುತ್ತೇನೆ.

‘ಪೋರ್ಟ್’ ಅಂತ ಬರೆದ ಅಗ್ಗದ ಸಿಹಿ ವೈನ್ ಬಗ್ಗೆ ಒಂದೇ ಮಾತು. ನಮ್ಮಲ್ಲಿ ಎಷ್ಟೋ ಜನರಿಗೆ ವೈನ್ ಅಂದರೆ ಅದೇ. ಅಂಥದ್ದರಲ್ಲಿ ಹಲವು ಬೆಂಗಳೂರು ನೀಲಿ ದ್ರಾಕ್ಷಿಯದು. ಅದರ ಘಮ ದ್ರಾಕ್ಷಿ ಜ್ಯೂಸಿನದು, ಗಾಢವಾಗಿರುತ್ತದೆ. ಇಷ್ಟವಾದರೆ ಕುಡಿಯಿರಿ, ನಾಚಿಕೆಪಡುವಂಥದ್ದು ಏನಿಲ್ಲ. ಆದರೆ ಅದರಿಂದ ನೇರವಾಗಿ ಡ್ರೈ ಕ್ಯಾಬರ್ನೆಗೆ ಹಾರಿದರೆ ಎಲ್ಲವೂ ಹುಳಿ, ಒಗರು ಅನ್ನಿಸುವುದು ಸಹಜ. ಮಧ್ಯೆ ಸ್ವಲ್ಪ ಸಿಹಿ ಇರುವ ಶೆನಿನ್ ಬ್ಲಾಂಕ್ ಅನ್ನುವ ಬಿಳಿ ವೈನ್ ಒಂದು ಮೆಟ್ಟಿಲು.

ಈಗ ಆ ಭಾನುವಾರದ ಬೆಂಕಿ. ತಪ್ಪು ವೈನಿನದೂ ಅಲ್ಲ, ಸಾರಿನದೂ ಅಲ್ಲ. ಮೆಣಸಿನಕಾಯಿಯ ಖಾರವನ್ನು ಆಲ್ಕೋಹಾಲ್ ಇನ್ನೂ ಎತ್ತಿ ತೋರಿಸುತ್ತದೆ, ಒಗರು ಇದ್ದರಂತೂ ಗಾಯಕ್ಕೆ ಉಪ್ಪು. ನಿಮ್ಮ ಬಾಟಲಿ 14 ಪರ್ಸೆಂಟಿನದು ಇರಬೇಕು, ಬೇಸಿಗೆಯ ಕೋಣೆಯಲ್ಲೇ ಇಟ್ಟಿದ್ದಿರಬೇಕು. ‘ರೆಡ್ ವೈನನ್ನು ರೂಮ್ ಟೆಂಪರೇಚರಿನಲ್ಲಿ ಕುಡಿಯಬೇಕು’ ಅನ್ನುವ ಮಾತು ಬಂದದ್ದು ಯುರೋಪಿನ ತಣ್ಣನೆ ಕಲ್ಲಿನ ಮನೆಗಳಿಂದ. ಅವರ ರೂಮ್ ಅಂದರೆ 16ರಿಂದ 18 ಡಿಗ್ರಿ. ಏಪ್ರಿಲ್‌ನಲ್ಲಿ ಶಿವಮೊಗ್ಗದ ಹಗಲು 36, 37 ಮುಟ್ಟುತ್ತದೆ. ಆ ಸೆಖೆಯಲ್ಲಿ ವೈನಿನಿಂದ ಬರುವುದು ಸ್ಪಿರಿಟ್ ವಾಸನೆ ಮಾತ್ರ. ಕೆಂಪು ವೈನನ್ನು ಕುಡಿಯುವ ಅರ್ಧ ಗಂಟೆ, ಮುಕ್ಕಾಲು ಗಂಟೆ ಮೊದಲು ಫ್ರಿಜ್ಜಿಗೆ ಹಾಕಿ. ಬಿಳಿಯನ್ನು ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಬಿಡಿ. ತೀರಾ ತಣ್ಣಗಿದ್ದರೆ ವಾಸನೆ ಏಳುವುದಿಲ್ಲ. ಇದೊಂದನ್ನು ಮಾಡಿದರೆ ನಿಮ್ಮ ಅರ್ಧ ದೂರು ಹೋಗುತ್ತದೆ ಅಂತ ನನ್ನ ಅನುಭವ.

ಕೋಳಿ ಸಾರಿಗೆ ಮುಂದಿನ ಸಲ ತಣ್ಣನೆ ರೋಸೆ ತೆಗೆಯಿರಿ, ಇಲ್ಲವಾದರೆ ಅದೇ ಶೆನಿನ್ ಬ್ಲಾಂಕ್. ಇರುವ ಚೂರು ಸಿಹಿ ಖಾರವನ್ನು ತಡೆಯುತ್ತದೆ. ಶಿರಾಜ್ ಕುಡಿಯಲೇಬೇಕು ಅನ್ನಿಸಿದರೆ ಕೆಂಪು ಮೆಣಸಿನಕಾಯಿ ಬಿಟ್ಟು ಕಾಳುಮೆಣಸು ಹಾಕಿ ಹುರಿದ ಕೋಳಿ ಮಾಡಿ, ಅಕ್ಕಿ ರೊಟ್ಟಿ ತಟ್ಟಿ. ಆಗ ನೋಡಿ ಆ ರೋಟಂಡೋನ್ ಎರಡೂ ಕಡೆಯಿಂದ ಹೇಗೆ ಕೈ ಹಿಡಿಯುತ್ತದೆ. ಹೊಳೆ ಮೀನು ಹುರಿದದ್ದಕ್ಕೆ ಸೊವಿನ್ಯೋನ್ ಬ್ಲಾಂಕ್, ನಿಂಬೆ ಹಿಂಡುವ ಜಾಗದಲ್ಲಿ. ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸಿಗೆ ನೊರೆ ಬರುವ ಸ್ಪಾರ್ಕ್ಲಿಂಗ್ ವೈನ್. ಎಣ್ಣೆ, ಉಪ್ಪು, ಗುಳ್ಳೆ ಮೂರೂ ಸೇರಿದರೆ ಹಪ್ಪಳದ ಡಬ್ಬಿ ಖಾಲಿಯಾದದ್ದು ಗೊತ್ತಾಗುವುದಿಲ್ಲ. ಮಳೆಗಾಲದ ಸಂಜೆ ನಮ್ಮ ಮನೆಯಲ್ಲಿ ಇದೇ ಜಾಸ್ತಿ.

ಅಪ್ಪೆಹುಳಿ, ತಂಬುಳಿ, ಉಪ್ಪಿನಕಾಯಿ ಜೊತೆ ಯಾವ ವೈನನ್ನೂ ಇಡಬೇಡಿ. ಊಟ ವೈನಿಗಿಂತ ಹುಳಿಯಾಗಿದ್ದರೆ ವೈನ್ ಸಪ್ಪೆಯಾಗುತ್ತದೆ. ವೈನಿಗಿಂತ ಸಿಹಿಯಾಗಿದ್ದರೆ ವೈನ್ ಹುಳಿಯಾಗುತ್ತದೆ. ಹೋಳಿಗೆ ತಿಂದು ಡ್ರೈ ವೈನ್ ಕುಡಿದು ಕಂಪನಿಯವರನ್ನು ಬೈದವರು ನನಗೆ ಗೊತ್ತು.

ಬಾಟಲಿ ಎಲ್ಲಿಡುವುದು? ಎಲ್ಲಿ ಇಡಬಾರದು ಅನ್ನುವುದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ. ಕೆಲಸ ಬಿಟ್ಟು ಊರಿಗೆ ಬಂದ ವರ್ಷ ಆರು ಒಳ್ಳೆಯ ಬಾಟಲಿಗಳನ್ನು ಹಳೆ ಮನೆಯ ಅಟ್ಟದಲ್ಲಿಟ್ಟೆ. ಕತ್ತಲಿದೆ, ಯಾರೂ ಮುಟ್ಟುವುದಿಲ್ಲ, ಸರಿಯಾದ ಜಾಗ ಅಂದುಕೊಂಡೆ. ಕೆಳಗೆ ಬಚ್ಚಲೊಲೆ ಇದೆ ಅನ್ನುವುದು ತಲೆಗೆ ಹೋಗಲಿಲ್ಲ. ಅಟ್ಟ ಇರುವುದೇ ಬೆಚ್ಚಗಿಡಲು ಅಂತ ಅಮ್ಮನನ್ನು ಕೇಳಿದ್ದರೆ ಹೇಳುತ್ತಿದ್ದಳು. ಎರಡು ವರ್ಷ ಬಿಟ್ಟು ನೆಂಟರ ಎದುರು ತೆಗೆದೆ. ಹಣ್ಣಿನ ಘಮ ಹೋಗಿ ಕುದಿಸಿದ ಒಣದ್ರಾಕ್ಷಿ ನೀರಿನ ಹಾಗಿತ್ತು. ಬಾವ ಪೂರ್ತಿ ಕುಡಿದು ‘ಚಲೋ ಇದ್ದು’ ಅಂದ. ಮರ್ಯಾದೆಗೆ.

ಈಗ ನಡುಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ, ಮಣ್ಣಿನ ಗೋಡೆಯ ಬುಡಕ್ಕೆ, ನೆಲದಲ್ಲಿ ಮಲಗಿಸಿಡುತ್ತೇನೆ. ಕಾರ್ಕ್ ಇರುವುದನ್ನು ಮಲಗಿಸಬೇಕು, ಕಾರ್ಕ್ ಒಣಗದ ಹಾಗೆ. ಹನ್ನೆರಡರಿಂದ ಹದಿನಾಲ್ಕು ಡಿಗ್ರಿ ಇರಬೇಕು ಅಂತ ಪುಸ್ತಕದಲ್ಲಿದೆ, ನಮಗೆ ಅದು ಆಗದ ಮಾತು. ಏರಿಳಿತ ಕಡಿಮೆ ಇದ್ದರೆ ಸಾಕು, ಮತ್ತೆ ಕೂಡಿಡುವ ಚಟ ಬೇಡ. ತಿಂಗಳಿಗೆ ಎರಡು ಬಾಟಲಿ ತರುವ ನಿಮಗೆ ಫ್ರಿಜ್ಜಿನ ಕೆಳಗಿನ ತಟ್ಟೆ ಸಾಕು. ಮಳೆಗಾಲದಲ್ಲಿ ಲೇಬಲ್‌ಗೆ ಬೂಷ್ಟು ಬರುತ್ತದೆ. ಒರೆಸಿ, ಒಳಗಿನ ವೈನಿಗೆ ಏನೂ ಆಗಿರುವುದಿಲ್ಲ. ಗೆದ್ದಲು ಲೇಬಲ್ ತಿಂದರೆ ಮಾತ್ರ ಕುಡಿಯುವುದು ಯಾವುದು ಅಂತ ಊಹಿಸುವ ಆಟ ಆಡಬೇಕಾಗುತ್ತದೆ.

ಬೂಷ್ಟಿನ ಮಾತು ಬಂತು, ಕಾರ್ಕಿನ ದೋಷ ಹೇಳಿಬಿಡುತ್ತೇನೆ. ಕೆಲವು ಕಾರ್ಕ್‌ಗಳಲ್ಲಿ ಟಿಸಿಎ ಅನ್ನುವ ವಸ್ತು ಸೇರಿರುತ್ತದೆ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಹೊಡೆಯುತ್ತದೆ. ಆರೋಗ್ಯಕ್ಕೆ ತೊಂದರೆ ಇಲ್ಲ, ವೈನಿನ ಹಣ್ಣಿನ ಘಮ ಮಾತ್ರ ಸತ್ತುಹೋಗುತ್ತದೆ. ನೆನೆದ ರಟ್ಟಿನ ವಾಸನೆ ಅಂತ ಪುಸ್ತಕಗಳು ಹೇಳುತ್ತವೆ. ಆಷಾಢದಲ್ಲಿ ಎಂಟು ದಿನ ಒಣಗದ ಗೋಣಿಚೀಲ ಅಂದರೆ ನಿಮಗೆ ಥಟ್ಟನೆ ತಿಳಿಯುತ್ತದೆ. ಮಳೆಗಾಲದಲ್ಲಿ ನಮ್ಮ ಮನೆಯೇ ಹಾಗೆ ನಾರುವುದರಿಂದ ತಪ್ಪು ವೈನಿನದೋ ಗೋಡೆಯದೋ ಅಂತ ಗೊತ್ತಾಗುವುದಿಲ್ಲ, ಆ ಮಾತು ಬೇರೆ. ಅನುಮಾನ ಬಂದರೆ ಲೋಟ ಹಿಡಿದು ಜಗಲಿಗೆ ಹೋಗಿ ಮೂಸಿ.

ಹೃದಯಕ್ಕೆ ಒಳ್ಳೆಯದು ಅಂತ ಕುಡಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಜನವರಿ 2023ರಲ್ಲಿ, ಇಷ್ಟು ಕುಡಿದರೆ ಅಪಾಯವಿಲ್ಲ ಅನ್ನುವ ಪ್ರಮಾಣ ಆಲ್ಕೋಹಾಲಿಗೆ ಇಲ್ಲ ಅಂತ ಹೇಳಿದೆ. ರುಚಿಗೆ ಅಂತ ಕುಡಿಯುವುದಾದರೆ ಒಂದು ಲೋಟದಲ್ಲಿ ಸಿಗುವ ರುಚಿಯೇ ನಾಲ್ಕರಲ್ಲೂ ಸಿಗುವುದು. ಬಿಪಿ, ಶುಗರ್ ಮಾತ್ರೆ ಇದ್ದರೆ ಡಾಕ್ಟರನ್ನು ಕೇಳಿ. ಕುಡಿದ ಮೇಲೆ ಗಾಡಿ ಮುಟ್ಟಬೇಡಿ. ಘಾಟಿ ರಸ್ತೆಯ ಊರಿನವರು ನಾವು. ಅತ್ತೆ ಮನೆಯ ಜಾಡಿಯಲ್ಲಿ ಸಕ್ಕರೆ ಸುರಿದು ಮಾಡಿದ ನೇರಳೆ ವೈನ್ ಇದಕ್ಕೆ ಹೊರತು ಅಂತ ತಿಳಿಯಬೇಡಿ, ಅದರಲ್ಲೂ ಆಲ್ಕೋಹಾಲ್ ಇದೆ. ಪರವಾನಗಿ ಇಲ್ಲದೆ ಅದನ್ನು ಮಾಡಿ ಮಾರುವುದು ಕಾನೂನಿಗೆ ವಿರುದ್ಧ ಕೂಡ.

ಉಳಿದ ವೈನ್: ಮುಚ್ಚಳ ಬಿಗಿ ಮಾಡಿ ಫ್ರಿಜ್ಜಿನಲ್ಲಿ ನಿಲ್ಲಿಸಿ, ಕೆಂಪನ್ನು ಕೂಡ. ಖಾಲಿ ಜಾಗ ಕಡಿಮೆ ಇದ್ದಷ್ಟು ಗಾಳಿ ಕಡಿಮೆ. ಹಾಗಾಗಿ ಸಣ್ಣ ಬಾಟಲಿಗೆ ಕತ್ತಿನವರೆಗೆ ತುಂಬಿಸಿಟ್ಟರೆ ಇನ್ನೂ ಒಳ್ಳೆಯದು. ಬಿಳಿ ಎರಡು ಮೂರು ದಿನ, ಕೆಂಪು ಮೂರು ನಾಲ್ಕು ದಿನ. ಎರಡನೇ ದಿನ ಕೆಲವು ಒಗರು ವೈನ್‌ಗಳು ಮೊದಲ ದಿನಕ್ಕಿಂತ ಮೆತ್ತಗಾಗಿರುತ್ತವೆ, ಒಂದು ಗುಟುಕು ನೋಡಿ. ಐದನೇ ದಿನ ವಿನೆಗರ್ ವಾಸನೆ ಹೊಡೆದರೆ ಚೆಲ್ಲಬೇಡಿ. ಕಾಳುಮೆಣಸು, ಬೆಳ್ಳುಳ್ಳಿ ಜಜ್ಜಿ ಹಾಕಿ ಕೋಳಿ ನೆನೆಸಿಡಿ.